ಎಣ್ಣೆ ಮಿಲ್ಲಿನಲ್ಲಿ ಯಾರೂ ನೋಡದ ಎಣ್ಣೆ

ನಮ್ಮ ಕಡೆಯ ಮನೆಗಳಲ್ಲಿ ತೆಂಗಿನೆಣ್ಣೆಯನ್ನು ಪರೀಕ್ಷಿಸುವ ಕ್ರಮವನ್ನು ಓದುಗರೆಲ್ಲ ಬಲ್ಲರು. ಮಿಲ್ಲಿನಿಂದ ತಂದ ಎಣ್ಣೆಯನ್ನು ಮನೆಯ ಹಿರಿಯ ಹೆಂಗಸರು ನೇರವಾಗಿ ಅಡುಗೆಮನೆಗೆ ಒಯ್ಯುವುದಿಲ್ಲ. ಜಗಲಿಗೆ ಬಂದು ಬಾಟಲಿಯನ್ನು ಬೆಳಕಿಗೆ ಹಿಡಿಯುತ್ತಾರೆ. ತಳದಲ್ಲಿ ಮಡ್ಡಿ ಇದೆಯೇ, ಬಣ್ಣ ತಿಳಿಯಾಗಿದೆಯೇ, ಮುಚ್ಚಳ ತೆಗೆದರೆ ಕಮಟು ವಾಸನೆ ಬರುತ್ತದೆಯೇ ಎಂದು ನೋಡುತ್ತಾರೆ. "ಕೊಬ್ಬರಿ ಸರಿಯಾಗಿ ಒಣಗಿಲ್ಲ, ನೀರಿನ ಪಸೆ ಇದೆ" ಎಂದು ತೀರ್ಪು ಕೊಡುತ್ತಾರೆ. ಆ ತೀರ್ಪು ತಪ್ಪುವುದು ಅಪರೂಪ. ಅವರ ಕೈಯಲ್ಲಿ ಯಾವ ಉಪಕರಣವೂ ಇಲ್ಲ. ಇರುವುದು ಕಣ್ಣು, ಮೂಗು ಮತ್ತು ಒಳ್ಳೆಯ ಎಣ್ಣೆ ಹೇಗಿರುತ್ತದೆ ಎಂಬ ಹಲವು ವರ್ಷಗಳ ನೆನಪು.

ಅದೇ ಎಣ್ಣೆಯನ್ನು ಹಿಂಡಿದ ಯಂತ್ರದ ಹೊಟ್ಟೆಯಲ್ಲಿ ಇನ್ನೊಂದು ಎಣ್ಣೆ ಇರುತ್ತದೆ. ಅದು ಕೀಲೆಣ್ಣೆ. ಅದನ್ನು ಬೆಳಕಿಗೆ ಹಿಡಿದು ನೋಡುವವರು ಎಷ್ಟು ಮಂದಿ? ಮಾರುವ ಎಣ್ಣೆಯ ಮೇಲೆ ಹತ್ತು ಕಣ್ಣು, ಯಂತ್ರವನ್ನು ಕಾಯುವ ಎಣ್ಣೆಯ ಮೇಲೆ ಒಂದು ಕಣ್ಣೂ ಇಲ್ಲ ಎಂಬ ಸ್ಥಿತಿ ನಮ್ಮ ಅನೇಕ ಮಿಲ್ಲುಗಳಲ್ಲಿದೆ. ಈ ಲೇಖನ ಆ ಬಗ್ಗೆ.

ನಾವು ಎಂಜಿನಿಯರರಲ್ಲ. ಟಿ.ಸಿ.ಎಚ್. ತರಬೇತಿ ಮುಗಿಸಿ ಸೀಮೆಸುಣ್ಣ ಹಿಡಿದವರು. ಯಂತ್ರದ ವಿಷಯ ಬರೆಯಲು ಇವರಿಗೇನು ಅಧಿಕಾರ ಎಂದು ಓದುಗರು ಕೇಳಬಹುದು. ಹೀಗೆ ಬರೆಯುವುದಕ್ಕೆ ಕಾರಣವಾದ ಒಂದು ಘಟನೆಯನ್ನು ಮೊದಲು ಹೇಳಿಬಿಡುತ್ತೇವೆ.

ಒಂದು ಮಿಲ್ಲಿನ ಕಥೆ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಸಮೀಪದ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಎಸ್.ಎಸ್.ಎಲ್.ಸಿ. ಪಾಸಾಗಿತ್ತು. ಮುಂದೆ ಓದಿಸಲು ಮನೆಯವರಿಗೆ ತ್ರಾಣವಿರಲಿಲ್ಲ. ಕೊಬ್ಬರಿ ಹಿಂಡುವ ಎಕ್ಸ್‌ಪೆಲ್ಲರಿನ ಉಸ್ತುವಾರಿ ಅವನದು. ದಿನಾ ಬೆಳಿಗ್ಗೆ ಯಂತ್ರ ಚಾಲೂ ಮಾಡುವ ಮುನ್ನ ಗೇರ್ ಬಾಕ್ಸಿನ ಎಣ್ಣೆ ನೋಡಿ, ಪುಸ್ತಕದಲ್ಲಿ ದಿನಾಂಕ ಹಾಕಿ 'ಸರಿ' ಎಂದು ಬರೆಯಬೇಕು. ಅವನು ಒಂದು ದಿನವೂ ತಪ್ಪದೆ ಬರೆಯುತ್ತಿದ್ದ.

ಒಂದು ಮಧ್ಯಾಹ್ನ ಗೇರ್ ಬಾಕ್ಸು ಕಿರುಗುಟ್ಟಿ, ಹೊಗೆಯಾಡಿ, ನಿಂತೇ ಹೋಯಿತು. ಬಿಚ್ಚಿ ನೋಡಿದರೆ ಒಳಗೆ ಎಣ್ಣೆಯೇ ಇಲ್ಲವೆನ್ನುವಷ್ಟು ಕಡಿಮೆ. ಬೇರಿಂಗುಗಳು ನೀಲಿಗಟ್ಟಿದ್ದವು, ಹಲ್ಲುಗಳು ಕಿತ್ತು ಹೋಗಿದ್ದವು. ಕೊಬ್ಬರಿ ಬರುವ ಒಳ್ಳೆಯ ಸಮಯದಲ್ಲಿ ಮಿಲ್ಲು ಮೂರು ವಾರ ಮುಚ್ಚಿತು. ಕೂಲಿಯವರಿಗೆ ಅಷ್ಟು ದಿನ ಸಂಬಳವಿಲ್ಲ. ಪುಸ್ತಕ ತೆಗೆದು ನೋಡಿದರೆ ಆ ದಿನ ಬೆಳಿಗ್ಗೆಯೂ 'ಸರಿ' ಎಂದೇ ಇದೆ. ಹುಡುಗ ನೋಡದೆ ಬರೆದಿದ್ದಾನೆ, ಸುಳ್ಳ ಎಂದು ತೀರ್ಮಾನವಾಯಿತು. ಅವನನ್ನು ಕೆಲಸದಿಂದ ಬಿಡಿಸಿದರು.

ಅವನ ತಾಯಿ ನಮ್ಮ ಮನೆಗೆ ಬಂದರು. "ಮಾಷ್ಟ್ರೇ, ನನ್ನ ಮಗ ಸುಳ್ಳು ಬರೆಯುವವನಲ್ಲ. ನೀವಾದರೂ ಒಮ್ಮೆ ಹೋಗಿ ಕೇಳಿ" ಎಂದರು. ನಾವು ಹೋದೆವು. ಮೆಕ್ಯಾನಿಕ್ ಅಲ್ಲೇ ಕೆಲಸ ಮಾಡುತ್ತಿದ್ದರು. ಗೇರ್ ಬಾಕ್ಸಿನ ಪಕ್ಕದಲ್ಲಿ ಎಣ್ಣೆ ನೋಡಲು ಒಂದು ದುಂಡನೆಯ ಗಾಜು ಇರುತ್ತದೆ. ಎಣ್ಣೆಯ ಮಟ್ಟ ಆ ಗಾಜಿನ ನಡುವಿನವರೆಗೆ ಇರಬೇಕೆಂಬುದು ನಿಯಮ. ನಾವು ನೋಡಿದಾಗ ಮಟ್ಟ ಸರಿಯಾಗಿ ನಡುವಿನಲ್ಲಿಯೇ ಇತ್ತು! ಒಳಗಿನ ಎಣ್ಣೆಯನ್ನೆಲ್ಲ ಮೆಕ್ಯಾನಿಕ್ ಆಗಲೇ ಬಸಿದು ತೆಗೆದಿದ್ದರು. ನಾವು ಬೆರಗಾಗಿ ನಿಂತಿದ್ದಾಗ ಅವರು ಮಾತಾಡದೆ ಗಾಜನ್ನು ಕಳಚಿ, ಅದರ ಒಳಮೈಯನ್ನು ಬಟ್ಟೆಯಿಂದ ಉಜ್ಜಿದರು. 'ಎಣ್ಣೆಯ ಮಟ್ಟ' ಬಟ್ಟೆಗೆ ಅಂಟಿಕೊಂಡು ಬಂತು.

ಅದು ಎಣ್ಣೆಯಲ್ಲ, ಕಲೆ. ಬಿಸಿಯಾಗುತ್ತ ಹಳತಾದ ಎಣ್ಣೆಯು ಗಾಜಿನ ಮೇಲೆ ಕಂದು ಬಣ್ಣದ ಮೆರುಗಿನಂತೆ ಅಂಟಿಕೊಳ್ಳುತ್ತದೆ. ವರ್ಷಗಟ್ಟಲೆ ಒಂದೇ ಮಟ್ಟದಲ್ಲಿ ನಿಂತರೆ ಅಲ್ಲಿಗೆ ಗೆರೆ ಎಳೆದಂತೆ ಗುರುತು ಉಳಿಯುತ್ತದೆ. ಎಣ್ಣೆ ಕೆಳಗಿಳಿದು ಹೋದರೂ ಗಾಜು ಮಾತ್ರ "ಇದ್ದೇನೆ, ಇದ್ದೇನೆ" ಎನ್ನುತ್ತಿರುತ್ತದೆ. ಹುಡುಗ ದಿನಾ ನೋಡಿದ್ದು ಸತ್ಯ. ಅವನು ಬರೆದದ್ದು ಸುಳ್ಳಲ್ಲ. ಆದರೆ ಅವನು ನೋಡಿದ್ದು ಎಣ್ಣೆಯನ್ನಲ್ಲ.

ಇನ್ನೊಂದು ಮಾತು ಆ ದಿನವೇ ತಿಳಿಯಿತು. ಮಿಲ್ಲನ್ನು ಗುಡಿಸುವ ಅಕ್ಕ ಒಬ್ಬರಿದ್ದಾರೆ. ಯಂತ್ರದ ಅಡಿಯಲ್ಲಿ ದಿನಾ ಕಪ್ಪೆಣ್ಣೆ ಬೀಳುತ್ತಿದೆಯೆಂದು ಅವರು ಎರಡು ಸಲ ಹೇಳಿದ್ದರಂತೆ. "ಎಣ್ಣೆ ಮಿಲ್ಲಿನ ನೆಲದಲ್ಲಿ ಎಣ್ಣೆ ಇಲ್ಲದೆ ಇರುತ್ತದೆಯೇ? ಬೂದಿ ಹಾಕಿ ಗುಡಿಸು" ಎಂಬ ಉತ್ತರ ಬಂದಿತ್ತು. ಹಾಗೆಯೇ ಮಾಡಿದರು. ದಂಡದ ಸೀಲಿನಿಂದ ತೊಟ್ಟಿಕ್ಕಿದ ಕೀಲೆಣ್ಣೆ ತಿಂಗಳುಗಟ್ಟಲೆ ಬೂದಿಯೊಂದಿಗೆ ಕಸದ ಗುಂಡಿಗೆ ಹೋಯಿತು. ಇಡೀ ಮಿಲ್ಲಿನಲ್ಲಿ ನಿಜವಾಗಿ ಕೀಲೆಣ್ಣೆಯನ್ನು ಕಂಡವರು ಅವರೊಬ್ಬರೇ.

ನಮಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಘರ್ಷಣೆ ಎಂಬ ಪಾಠವನ್ನು ಆ ಹುಡುಗನಿಗೆ ಕಲಿಸಿದವರು ನಾವೇ. "ಕೀಲೆಣ್ಣೆಯು ಘರ್ಷಣೆಯನ್ನು ಕಡಿಮೆ ಮಾಡುತ್ತದೆ" ಎಂದು ಕರಿಹಲಗೆಯ ಮೇಲೆ ಬರೆದು, ಪರೀಕ್ಷೆಯಲ್ಲಿ ಎರಡು ಅಂಕ ಕೊಟ್ಟಿದ್ದೆವು. ಒಂದು ತೊಟ್ಟು ಕೀಲೆಣ್ಣೆಯನ್ನು ತರಗತಿಗೆ ತಂದು ತೋರಿಸಿರಲಿಲ್ಲ. ಹಾಜರಿ ಪುಸ್ತಕದಲ್ಲಿ ತಲೆಯೆತ್ತಿ ನೋಡದೆ ಗೆರೆ ಎಳೆದ ದಿನಗಳು ನಮಗೂ ಇವೆ. ಹುಡುಗನನ್ನು ದೂರುವ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಯಿತು. ಅಂದಿನಿಂದ ಮೆಕ್ಯಾನಿಕರನ್ನೂ ವರ್ಕ್‌ಶಾಪಿನವರನ್ನೂ ಕಾಡಿ, ಪುಸ್ತಕ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇವೆ.

ಎಣ್ಣೆ ಮಾಡುವ ಕೆಲಸ

ಎಣ್ಣೆ ಎಂದರೆ ಜಾರುವ ವಸ್ತು, ಆದ್ದರಿಂದ ಯಂತ್ರ ಸಲೀಸಾಗಿ ತಿರುಗುತ್ತದೆ ಎಂದಷ್ಟೇ ನಾವು ತಿಳಿದಿರುತ್ತೇವೆ. ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. 1883ರಲ್ಲಿ ಇಂಗ್ಲೆಂಡಿನ ಬೀಚಂ ಟವರ್ ಎಂಬ ಎಂಜಿನಿಯರು ಬೇರಿಂಗುಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಎಣ್ಣೆ ಹಾಕಲೆಂದು ಬೇರಿಂಗಿನ ಮೇಲ್ಭಾಗದಲ್ಲಿ ಒಂದು ತೂತು ಕೊರೆದರು. ದಂಡ ತಿರುಗತೊಡಗಿದೊಡನೆ ಎಣ್ಣೆ ಒಳಗೆ ಇಳಿಯುವ ಬದಲು ಆ ತೂತಿನಿಂದ ಮೇಲಕ್ಕೆ ಉಕ್ಕಿ ಬಂತು. ಬಿರಟೆ ಹಾಕಿದರು, ಹಾರಿಹೋಯಿತು. ಮರದ ಬೆಣೆ ಬಡಿದರು, ಅದನ್ನೂ ಎಣ್ಣೆ ಹೊರಕ್ಕೆ ನೂಕಿತು. ಅಳೆದು ನೋಡಿದರೆ ಬೇರಿಂಗಿನ ಮೇಲಿದ್ದ ಸರಾಸರಿ ಹೊರೆಯ ಎರಡು ಪಾಲಿಗೂ ಮಿಕ್ಕಿದ ಒತ್ತಡ ಆ ಎಣ್ಣೆಯಲ್ಲಿತ್ತು. ಇದು ಹೇಗಾಗುತ್ತದೆಂಬುದನ್ನು 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿ ಗಣಿತದಿಂದ ವಿವರಿಸಿದರು.

ಸಾರಾಂಶವಿಷ್ಟೇ: ತಿರುಗುವ ದಂಡವು ಎಣ್ಣೆಯನ್ನು ತನ್ನೊಡನೆ ಎಳೆದುಕೊಂಡು ಇಕ್ಕಟ್ಟಿನ ಎಡೆಗೆ ನುಗ್ಗಿಸುತ್ತದೆ. ಅಲ್ಲಿ ಹುಟ್ಟುವ ಒತ್ತಡವೇ ದಂಡವನ್ನು ಎತ್ತಿ ಹಿಡಿಯುತ್ತದೆ. ಕಬ್ಬಿಣವು ಕಬ್ಬಿಣದ ಮೇಲೆ ಕುಳಿತಿಲ್ಲ, ಎಣ್ಣೆಯ ಮೇಲೆ ತೇಲುತ್ತಿದೆ. ಆ ಎಣ್ಣೆಯ ಪೊರೆ ಎಷ್ಟು ದಪ್ಪ? ಕೆಲವೇ ಮೈಕ್ರಾನು, ಕೆಲವೆಡೆ ಅದಕ್ಕಿಂತಲೂ ತೆಳು. ಒಂದು ಮೈಕ್ರಾನು ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನು. ಇಷ್ಟು ತೆಳುವಾದ ಪೊರೆಯನ್ನು ನಂಬಿ ಟನ್ನುಗಟ್ಟಲೆ ಭಾರದ ಯಂತ್ರಗಳು ಓಡುತ್ತಿವೆ. ಆ ಪೊರೆಯೊಳಗೆ ನೀರು ಸೇರಿದರೆ, ಧೂಳು ಸೇರಿದರೆ, ಎಣ್ಣೆ ತೆಳ್ಳಗಾದರೆ ಏನಾದೀತೆಂದು ಊಹಿಸುವುದು ಕಷ್ಟವಲ್ಲ.

ಇದು ಬಡ ಮಿಲ್ಲುಗಳ ಸಮಸ್ಯೆ ಮಾತ್ರ ಎಂದು ಭಾವಿಸಬೇಕಾಗಿಲ್ಲ. 1966ರಲ್ಲಿ ಬ್ರಿಟನ್ನಿನಲ್ಲಿ ಪೀಟರ್ ಜೋಸ್ಟ್ ಎಂಬವರ ನೇತೃತ್ವದ ಸಮಿತಿಯೊಂದು ಸರಕಾರಕ್ಕೆ ವರದಿ ಕೊಟ್ಟಿತು. ಘರ್ಷಣೆ, ಸವೆತ ಮತ್ತು ಕೀಲೆಣ್ಣೆಯ ವಿಷಯದಲ್ಲಿ ಕೈಗಾರಿಕೆಗಳು ಸರಿಯಾದ ಗಮನ ಕೊಟ್ಟರೆ ವರ್ಷಕ್ಕೆ 51 ಕೋಟಿ 50 ಲಕ್ಷ ಪೌಂಡುಗಳಷ್ಟು ಉಳಿತಾಯವಾದೀತೆಂದು ಅದರಲ್ಲಿ ಲೆಕ್ಕ ಹಾಕಲಾಗಿತ್ತು. ಅಷ್ಟು ಮುಂದುವರಿದ ದೇಶದಲ್ಲೇ ಹೀಗಾದರೆ ನಮ್ಮದನ್ನು ಹೇಳುವುದೇನು?

ಮೊದಲು ಮಟ್ಟ

ಇನ್ನು ನೋಡುವ ಕ್ರಮಕ್ಕೆ ಬರೋಣ. ಮೊದಲನೆಯದು ಮಟ್ಟ. ಯಂತ್ರ ನಿಂತಿರಬೇಕು. ನಿಂತು ಸ್ವಲ್ಪ ಹೊತ್ತಾಗಿ, ಒಳಗೆ ಎರಚಿದ ಎಣ್ಣೆಯೆಲ್ಲ ಕೆಳಗಿಳಿದಿರಬೇಕು. ಎಂಜಿನಿನಲ್ಲಾದರೆ ಅಳತೆಯ ಕಡ್ಡಿಯನ್ನು, ಅಂದರೆ ಡಿಪ್ ಸ್ಟಿಕ್ಕನ್ನು, ಹೊರತೆಗೆದು ಒರಸಿ, ಮತ್ತೆ ಪೂರ್ತಿ ಇಳಿಸಿ, ಎರಡನೆಯ ಸಲ ತೆಗೆದು ನೋಡಬೇಕು. ಮೊದಲ ಸಲದ ಗುರುತನ್ನು ನಂಬಬಾರದು.

ಗಾಜಿನಲ್ಲಾದರೆ ನಮ್ಮ ಮಿಲ್ಲಿನ ಕಥೆಯನ್ನು ನೆನಪಿಡಬೇಕು. ಗಾಜಿನಲ್ಲಿ ಕಾಣುವುದು ಎಣ್ಣೆಯೋ ಕಲೆಯೋ ಎಂದು ತಿಳಿಯುವುದಕ್ಕೆ ಸುಲಭ ಉಪಾಯವಿದೆ. ಎಣ್ಣೆ ಅಲುಗುತ್ತದೆ, ಕಲೆ ಅಲುಗುವುದಿಲ್ಲ. ಯಂತ್ರ ಓಡುವಾಗ ದೂರದಿಂದ ನೋಡಿದರೆ ಮಟ್ಟ ಕೊಂಚ ಇಳಿದು ತುಳುಕುವುದು ಕಾಣುತ್ತದೆ. ನಿಂತ ಮೇಲೆ ಏರುತ್ತದೆ. ತಿಂಗಳುಗಟ್ಟಲೆ ಕೂದಲೆಳೆಯಷ್ಟೂ ಕದಲದ ಮಟ್ಟ ಸಂತೋಷದ ವಿಷಯವಲ್ಲ, ಸಂದೇಹದ ವಿಷಯ. ಗಾಜಿನ ಹಿಂದೆ ಟಾರ್ಚು ಹಿಡಿಯಿರಿ. ಎಣ್ಣೆ ಬದಲಿಸುವಾಗಲೆಲ್ಲ ಗಾಜನ್ನು ಒಳಗಿನಿಂದ ತೊಳೆಯಿರಿ.

ಮಟ್ಟ ಇಳಿದರೆ ಸೋರಿಕೆ ಎಂದು ಎಲ್ಲರಿಗೂ ಗೊತ್ತು. ಏರಿದರೆ? "ಒಳ್ಳೆಯದಾಯಿತು, ಎಣ್ಣೆ ಹಾಕುವ ಖರ್ಚು ಉಳಿಯಿತು" ಎನ್ನುವವರನ್ನು ನಾವು ಕಂಡಿದ್ದೇವೆ. ಎಣ್ಣೆ ತಾನಾಗಿ ಹೆಚ್ಚುವುದಿಲ್ಲ. ಡೀಸೆಲ್ ಎಂಜಿನಿನಲ್ಲಿ ಮಟ್ಟ ಏರಿದರೆ ಡೀಸೆಲೋ ನೀರೋ ಒಳಗೆ ಸೇರುತ್ತಿದೆ ಎಂದರ್ಥ. ಕಡ್ಡಿಯನ್ನು ಮೂಸಿ ನೋಡಿದರೆ ಡೀಸೆಲಿನ ವಾಸನೆ ಬರುತ್ತದೆ, ಬೆರಳಿಗೆ ಎಣ್ಣೆ ತೆಳ್ಳಗೆನಿಸುತ್ತದೆ. ಬೇಕಾದುದಕ್ಕಿಂತ ಹೆಚ್ಚು ತುಂಬಿಸುವುದೂ ತಪ್ಪು. ಗೇರುಗಳು ಎಣ್ಣೆಯಲ್ಲಿ ಮುಳುಗಿ ಮಜ್ಜಿಗೆ ಕಡೆದಂತೆ ಕಡೆಯುತ್ತವೆ, ಬಿಸಿ ಏರುತ್ತದೆ, ನೊರೆ ಬರುತ್ತದೆ.

ಬಣ್ಣ, ಮಬ್ಬು, ನೊರೆ

ಎರಡನೆಯದು ಬಣ್ಣ. ಇಲ್ಲಿ ಜನರಲ್ಲಿ ಒಂದು ತಪ್ಪು ನಂಬಿಕೆ ಇದೆ. ಕಪ್ಪಾದರೆ ಕೆಟ್ಟಿತು, ಹೊಂಬಣ್ಣವಿದ್ದರೆ ಒಳ್ಳೆಯದು ಎಂದು. ಡೀಸೆಲ್ ಎಂಜಿನಿನ ಎಣ್ಣೆ ಹಾಕಿದ ಕೆಲವೇ ಗಂಟೆಗಳಲ್ಲಿ ಕಪ್ಪಾಗುತ್ತದೆ. ಅದು ರೋಗವಲ್ಲ. ಉರಿದ ಇಂಧನದ ಮಸಿಯನ್ನು ಒಂದೆಡೆ ಗಂಟು ಕಟ್ಟಲು ಬಿಡದೆ ತನ್ನಲ್ಲಿ ಹರಡಿಕೊಂಡು ಹಿಡಿದಿಡುವಂತೆ ಆ ಎಣ್ಣೆಗೆ ಔಷಧ ಬೆರೆಸಿರುತ್ತಾರೆ. ಮೈಗೆ ಮಸಿ ಅಂಟದಂತೆ ಬಟ್ಟೆ ತಾನು ಕೊಳೆಯಾಗುವ ಹಾಗೆ. ಆದರೆ ಗೇರ್ ಬಾಕ್ಸಿನಲ್ಲಿ ಏನೂ ಉರಿಯುವುದಿಲ್ಲ. ಅಲ್ಲಿನ ಎಣ್ಣೆ ದಿನದಿಂದ ದಿನಕ್ಕೆ ಗಾಢವಾಗುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಎಣ್ಣೆ ಬಿಸಿಯಿಂದ ಹಳಸುತ್ತಿದೆ ಎಂದು ತಿಳಿಯಬೇಕು. ಉಷ್ಣ 10 ಡಿಗ್ರಿ ಏರಿದರೆ ಎಣ್ಣೆ ಹಳಸುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ತಿಳಿದವರು ಹೇಳುವ ಸ್ಥೂಲ ಲೆಕ್ಕ. ಆದುದರಿಂದ ಕಪ್ಪು ಎಂಬುದೊಂದೇ ಮಾತು ಸಾಲದು. ಯಾವ ಯಂತ್ರದ ಕಪ್ಪು, ನಿನ್ನೆಗಿಂತ ಇಂದು ಎಷ್ಟು ಹೆಚ್ಚು ಎಂಬುದೇ ಮುಖ್ಯ.

ಮೂರನೆಯದು ಮಬ್ಬು. ನಮ್ಮ ಜಿಲ್ಲೆಗೆ ಇದು ಎಲ್ಲಕ್ಕಿಂತ ದೊಡ್ಡ ಶತ್ರು. ಜೂನಿನಿಂದ ಮೂರು ನಾಲ್ಕು ತಿಂಗಳು ಇಲ್ಲಿ ಗಾಳಿಯೇ ಒದ್ದೆ. ಹಗಲು ಓಡಿ ಬಿಸಿಯಾದ ಯಂತ್ರ ರಾತ್ರಿ ತಣ್ಣಗಾಗುವಾಗ ಹೊರಗಿನ ಒದ್ದೆ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಅದರ ಪಸೆ ಒಳಗೋಡೆಯ ಮೇಲೆ ಬೆವರಿನಂತೆ ಕೂತು ಎಣ್ಣೆಗಿಳಿಯುತ್ತದೆ. ಮಳೆಗಾಲವಿಡೀ ನಿಂತಿದ್ದು ಡಿಸೆಂಬರಿನಲ್ಲಿ ತೋಟಕ್ಕೆ ನೀರು ಬಿಡಲು ಮೊದಲ ಸಲ ತಿರುಗಿಸುವ ಹಳೆಯ ಡೀಸೆಲ್ ಪಂಪ್‌ಸೆಟ್ಟಿನ ಗತಿಯೂ ಇದೇ.

ಎಣ್ಣೆಯು ಅತ್ಯಲ್ಪ ನೀರನ್ನು ತನ್ನಲ್ಲಿ ಕರಗಿಸಿಕೊಂಡೀತು. ಅಷ್ಟರವರೆಗೆ ಅದು ತಿಳಿಯಾಗಿಯೇ ಕಾಣುತ್ತದೆ. ಮಿತಿ ಮೀರಿದಾಗ ಮಂಜು ಕವಿದಂತೆ ಮಬ್ಬಾಗುತ್ತದೆ. ಇನ್ನೂ ಹೆಚ್ಚಿ, ಯಂತ್ರ ಕಡೆದಾಗ, ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗುತ್ತದೆ. ಬಿಸಿ ಎಣ್ಣೆ ತಣ್ಣನೆಯ ಎಣ್ಣೆಗಿಂತ ಹೆಚ್ಚು ನೀರನ್ನು ಕರಗಿಸಿಕೊಳ್ಳುವುದರಿಂದ, ಸಂಜೆ ತಿಳಿಯಾಗಿ ಕಂಡದ್ದು ಬೆಳಿಗ್ಗೆ ಮಬ್ಬಾಗಿರುವುದುಂಟು. ಆದುದರಿಂದಲೇ ಬೆಳಗಿನ ನೋಟಕ್ಕೆ ಬೆಲೆ ಹೆಚ್ಚು. ರಾತ್ರಿಯಿಡೀ ನಿಂತ ಯಂತ್ರದಲ್ಲಿ ಬೇರ್ಪಟ್ಟ ನೀರು ತಳಕ್ಕೆ ಇಳಿದಿರುತ್ತದೆ. ಚಾಲೂ ಮಾಡುವ ಮೊದಲು ಅಡಿಯ ಬಿರಟೆಯನ್ನು ತುಸು ಸಡಿಲಿಸಿ ನಾಲ್ಕು ಹನಿ ಪಾತ್ರೆಗೆ ಬಿಟ್ಟರೆ, ಮೊದಲು ಬರುವುದು ನೀರೋ ಎಣ್ಣೆಯೋ ಎಂಬುದು ಮಕ್ಕಳಿಗೂ ತಿಳಿಯುತ್ತದೆ.

ನಾಲ್ಕನೆಯದು ನೊರೆ. ಮೇಲೆ ತೆಳುವಾಗಿ ನಾಲ್ಕು ಗುಳ್ಳೆ ಇದ್ದರೆ ಭಯವಿಲ್ಲ. ಯಂತ್ರ ನಿಂತು ಹೊತ್ತಾದರೂ ಇಳಿಯದ ದಪ್ಪ ನೊರೆ ಇದ್ದರೆ ಕಾರಣ ಹುಡುಕಬೇಕು. ಎಣ್ಣೆ ಹೆಚ್ಚಾಗಿರಬಹುದು, ತೀರ ಕಡಿಮೆಯಾಗಿ ಪಂಪು ಗಾಳಿ ಎಳೆಯುತ್ತಿರಬಹುದು, ನೀರು ಸೇರಿರಬಹುದು, ಅಥವಾ ಯಾರೋ ಬೇರೆ ಜಾತಿಯ ಎಣ್ಣೆಯನ್ನು ಬೆರೆಸಿರಬಹುದು. ಗಾಳಿ ಬೆರೆತ ಎಣ್ಣೆ ಹೊರೆ ಹೊರಲಾರದು.

ಬೆರೆಸುವ ಮಾತು ಬಂದುದರಿಂದ ಒಂದು ವಿಷಯ ಹೇಳಬೇಕು. ಡಬ್ಬಿಯ ಮೇಲೆ 68, 220, 320 ಎಂಬ ಅಂಕೆಗಳಿರುತ್ತವೆ. ಅದು ಬೆಲೆಯೂ ಅಲ್ಲ, ದರ್ಜೆಯೂ ಅಲ್ಲ. 40 ಡಿಗ್ರಿ ಸೆಲ್ಸಿಯಸಿನಲ್ಲಿ ಆ ಎಣ್ಣೆ ಎಷ್ಟು ಮಂದವಾಗಿರುತ್ತದೆ ಎಂಬುದರ ಅಳತೆ. ಡಿಸೆಂಬರಿನ ಚಳಿಯ ಬೆಳಿಗ್ಗೆ ಬಾಟಲಿಯಲ್ಲಿ ಗಟ್ಟಿಯಾಗುವ ತೆಂಗಿನೆಣ್ಣೆ ಬಿಸಿಲಿಗಿಟ್ಟರೆ ನೀರಾಗುವುದನ್ನು ಕಂಡ ನಮಗೆ, ಉಷ್ಣವನ್ನು ಹೇಳದೆ ಎಣ್ಣೆಯ ಮಂದವನ್ನು ಹೇಳಲಾಗದು ಎಂಬುದು ಬೇಗ ಅರ್ಥವಾಗುತ್ತದೆ. 320 ಕೇಳುವ ಗೇರ್ ಬಾಕ್ಸಿಗೆ 68 ಸುರಿದರೆ ಮಟ್ಟ ಸರಿಯಾಗಿಯೇ ಕಾಣುತ್ತದೆ, ಬಣ್ಣವೂ ಚೆನ್ನಾಗಿರುತ್ತದೆ. ಪೊರೆ ಮಾತ್ರ ಹರಿಯುತ್ತದೆ.

ತಳದ ಹುಡಿ, ಹೊರಗಿನ ಗುರುತು

ತಿಂಗಳಿಗೊಮ್ಮೆ ಶುಭ್ರವಾಗಿ ಒಣಗಿದ ಗಾಜಿನ ಬಾಟಲಿಯಲ್ಲಿ ಸ್ವಲ್ಪ ಎಣ್ಣೆ ತೆಗೆಯಿರಿ. ಯಂತ್ರ ನಿಲ್ಲಿಸಿದ ಕೂಡಲೇ, ಎಣ್ಣೆ ಉಗುರು ಬೆಚ್ಚಗಿರುವಾಗ ತೆಗೆದರೆ ಒಳ್ಳೆಯದು. ಅದರ ಪಕ್ಕದಲ್ಲಿ ಅದೇ ಜಾತಿಯ ಹೊಸ ಎಣ್ಣೆಯ ಬಾಟಲಿ ಇಟ್ಟು ಕಿಟಕಿಯ ಬೆಳಕಿಗೆ ಹಿಡಿಯಿರಿ. ನಮ್ಮ ಅಜ್ಜಿಯಂದಿರು ಮಾಡುತ್ತಿದ್ದುದು ಇದನ್ನೇ. ಒಂದು ರಾತ್ರಿ ಕದಲಿಸದೆ ಇಟ್ಟರೆ ನೀರೂ ಹುಡಿಯೂ ತಳಕ್ಕೆ ಕೂರುತ್ತವೆ. ಬಾಟಲಿಯ ಹೊರಗಿನಿಂದ ಅಯಸ್ಕಾಂತ ಆಡಿಸಿದರೆ ಕಬ್ಬಿಣದ ಹುಡಿ ಅದರ ಹಿಂದೆ ಓಡುತ್ತದೆ. ಬಂಗಾರದಂತೆ ಮಿನುಗುವ ಹುಡಿ ಕಂಡರೆ ಸಂತೋಷಪಡಬೇಡಿ. ಅದು ಕಂಚಿನ ಗೇರಿನದೋ ಬುಶ್ಶಿನದೋ ಸವೆತ.

ಇಲ್ಲಿ ಕಣ್ಣಿನ ಮಿತಿಯನ್ನೂ ಹೇಳಬೇಕು. ನಮ್ಮ ಕಣ್ಣಿಗೆ ಸುಮಾರು 40 ಮೈಕ್ರಾನಿಗಿಂತ ಸಣ್ಣ ಕಣ ಕಾಣಿಸುವುದಿಲ್ಲ. ಬೇರಿಂಗನ್ನು ತಿನ್ನುವ ಕಣಗಳು ಬಹುಪಾಲು ಅದಕ್ಕಿಂತ ಚಿಕ್ಕವು. ಆದುದರಿಂದ ಎಣ್ಣೆ ತಿಳಿಯಾಗಿದೆ ಎಂದ ಮಾತ್ರಕ್ಕೆ ಯಂತ್ರ ಆರೋಗ್ಯವಾಗಿದೆ ಎನ್ನುವಂತಿಲ್ಲ. ಆದರೆ ಕಣ್ಣಿಗೇ ಹುಡಿ ಕಂಡಿತೆಂದರೆ ರೋಗ ಮುಂದುವರಿದಿದೆ ಎಂಬುದರಲ್ಲಿ ಸಂದೇಹವಿಲ್ಲ. ದೊಡ್ಡ ಕಾರ್ಖಾನೆಗಳು ಎಣ್ಣೆಯನ್ನು ಪ್ರಯೋಗಾಲಯಕ್ಕೆ ಕಳುಹಿಸುವುದು ಈ ಕಾರಣಕ್ಕೇ. ಕಣ್ಣಿನ ನೋಟವು ಡಾಕ್ಟರರ ಪರೀಕ್ಷೆಗೆ ಬದಲಿಯಲ್ಲ. ಡಾಕ್ಟರರ ಬಳಿಗೆ ಯಾವಾಗ ಹೋಗಬೇಕೆಂದು ಅದು ಹೇಳುತ್ತದೆ.

ಖರ್ಚಿಲ್ಲದ ಎರಡು ಪರೀಕ್ಷೆಗಳಿವೆ. ಹಿಂದೆ ಶಾಲೆಯಲ್ಲಿ ಶಾಯಿ ಹೀರಲು ಬಳಸುತ್ತಿದ್ದ ಒತ್ತುಕಾಗದದ ಮೇಲೆ ಎಂಜಿನ್ ಎಣ್ಣೆಯ ಒಂದು ಹನಿ ಬಿಟ್ಟು ಕೆಲವು ಗಂಟೆ ಇಡುವುದು. ಮಸಿ ಸಮನಾಗಿ ಹರಡಿ ಬೂದು ವರ್ತುಲವಾದರೆ ಎಣ್ಣೆಗೆ ಇನ್ನೂ ಶಕ್ತಿಯಿದೆ. ನಡುವೆ ಕಡುಗಪ್ಪು ಚುಕ್ಕೆಯಾಗಿ, ಅಂಚು ಕತ್ತರಿಸಿದಂತೆ ನಿಂತರೆ ಮಸಿಯನ್ನು ಹೊರುವ ಶಕ್ತಿ ಮುಗಿದಿದೆ. ಇನ್ನೊಂದು, ಚೆನ್ನಾಗಿ ಕಾದ ಕಬ್ಬಿಣದ ತಟ್ಟೆಯ ಮೇಲೆ ಒಂದೆರಡು ಹನಿ ಬಿಡುವುದು. ನೀರಿದ್ದರೆ ಒಗ್ಗರಣೆಗೆ ಒದ್ದೆ ಸೊಪ್ಪು ಬಿದ್ದಂತೆ ಚಟಚಟ ಸಿಡಿಯುತ್ತದೆ. ಎರಡೇ ಹನಿ, ಮುಖ ದೂರ, ಕಣ್ಣಿಗೆ ಕನ್ನಡಕ. ಮಕ್ಕಳ ಕೈಯಲ್ಲಿ ಇದನ್ನು ಮಾಡಿಸಕೂಡದು.

ಯಂತ್ರದ ಹೊರಗನ್ನೂ ಮರೆಯಬಾರದು. ಗೇರ್ ಬಾಕ್ಸಿನ ನೆತ್ತಿಯಲ್ಲಿ ಗಾಳಿಯಾಡಲು ಒಂದು ಸಣ್ಣ ಮೂತಿ ಇರುತ್ತದೆ. ಅದು ಯಂತ್ರದ ಮೂಗು. ಎಣ್ಣೆ ಮಿಲ್ಲಿನಲ್ಲಿ ಹಿಂಡಿಯ ಹುಡಿ, ಅಕ್ಕಿ ಮಿಲ್ಲಿನಲ್ಲಿ ತೌಡು, ಮರದ ಮಿಲ್ಲಿನಲ್ಲಿ ಗರಗಸದ ಹುಡಿ ಕೂತು ಆ ಮೂಗು ಕಟ್ಟಿದರೆ, ಒಳಗಿನ ಗಾಳಿ ಬಿಸಿಗೆ ಹಿಗ್ಗಿ ಸೀಲುಗಳ ಎಡೆಯಿಂದ ಎಣ್ಣೆಯನ್ನು ಹೊರನೂಕುತ್ತದೆ. ನಾವು ಹೇಳಿದ ಮಿಲ್ಲಿನಲ್ಲಿ ಆದದ್ದೂ ಹೀಗೆಯೇ ಎಂದು ಮೆಕ್ಯಾನಿಕ್ ತೋರಿಸಿಕೊಟ್ಟರು. ಅಂಗೈಯಗಲದ ಬಟ್ಟೆಯಿಂದ ಒರಸಿದ್ದರೆ ಅಷ್ಟೂ ನಷ್ಟ ತಪ್ಪುತ್ತಿತ್ತು.

ತಿರುಗುವ ಯಂತ್ರದ ಬಳಿ ಕೈ ಹಾಕಿ ನೋಡುವ ಶೌರ್ಯ ಯಾರಿಗೂ ಬೇಡ. ಓಡುವ ಯಂತ್ರಕ್ಕೆ ಎಣ್ಣೆ ಹಾಕುವ, ಅದನ್ನು ಪರೀಕ್ಷಿಸುವ ಕೆಲಸ ತರಬೇತಿ ಪಡೆದ, ಮೈಗೆ ಬಿಗಿಯಾದ ಉಡುಪು ತೊಟ್ಟವನದು ಮಾತ್ರ ಎಂದು 1948ರ ಕಾರ್ಖಾನೆಗಳ ಕಾಯಿದೆಯಲ್ಲೇ ಬರೆದಿತ್ತು. ಮುಂಡಿನ ತುದಿ ಬೆಲ್ಟಿಗೆ ಸಿಕ್ಕಿ ಆದ ಅನಾಹುತಗಳನ್ನು ನಮ್ಮ ಊರುಗಳು ಮರೆತಿಲ್ಲ.

ಬಸಿದ ಹಳೆಯ ಎಣ್ಣೆಯನ್ನು ಗೆದ್ದಲು ಬಾರದಿರಲೆಂದು ಬೇಲಿಯ ಗೂಟಗಳಿಗೆ ಹಚ್ಚಿ, ಉಳಿದದ್ದನ್ನು ತೋಡಿನ ಬದಿಗೆ ಸುರಿಯುವ ಪದ್ಧತಿ ನಮ್ಮಲ್ಲಿದೆ. 2016ರ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯದ ಸಾಲಿಗೆ ಸೇರಿಸಿವೆ. ಸುರಂಗ ಕೊರೆದು ಗುಡ್ಡದ ನೀರು ಕುಡಿಯುವ ಊರು ನಮ್ಮದು. ಮಣ್ಣಿಗೆ ಬಿಟ್ಟದ್ದು ನಮ್ಮ ಕೊಡಕ್ಕೇ ಬಂದೀತು. ಡಬ್ಬಿಯಲ್ಲಿ ತುಂಬಿಸಿಟ್ಟು, ಅನುಮತಿ ಇರುವ ಸಂಗ್ರಾಹಕರಿಗೆ ಕೊಡುವುದೇ ಲೇಸು.

'ಸರಿ' ಎಂಬ ಒಂದು ಪದ

ಕೊನೆಯದಾಗಿ ಪುಸ್ತಕದ ವಿಷಯ. ದಿನಾ 'ಸರಿ' ಎಂದು ಬರೆಸುವ ಪುಸ್ತಕದಿಂದ ಪ್ರಯೋಜನವಿಲ್ಲ. 'ಸರಿ' ಎಂಬುದು ನೋಟವಲ್ಲ, ತೀರ್ಪು. ಕಂಡದ್ದನ್ನು ಬರೆಯಬೇಕು: ಮಟ್ಟ ಗಾಜಿನ ಅರ್ಧಕ್ಕೆ, ಬಣ್ಣ ನಿನ್ನೆಯಂತೆ, ಮಬ್ಬಿಲ್ಲ, ನೊರೆ ಇಲ್ಲ, ನೆಲದಲ್ಲಿ ಎರಡು ಹನಿ, ಇಂದು ಕಾಲು ಲೀಟರು ಹಾಕಿತು. ಇಷ್ಟು ಬರೆಯಲು ಎರಡು ನಿಮಿಷ ಸಾಕು. ಎಷ್ಟು ಎಣ್ಣೆ ಸೇರಿಸಲಾಯಿತು ಎಂಬ ಲೆಕ್ಕ ಒಂದಿದ್ದರೂ ಸೋರಿಕೆ ತಿಂಗಳೊಳಗೆ ಬಯಲಾಗುತ್ತದೆ. ಒಮ್ಮೆಯೂ ಎಣ್ಣೆ ಕೇಳದ ಹಳೆಯ ಯಂತ್ರವನ್ನೂ ಸಂಶಯದಿಂದ ನೋಡಬೇಕೆಂದು ಅದೇ ಪುಸ್ತಕ ಹೇಳುತ್ತದೆ. ಬರೆಯುವವನಿಗೆ ಕನ್ನಡ ಬಂದರೆ ಕನ್ನಡದಲ್ಲಿ, ಮಲಯಾಳ ಬಂದರೆ ಮಲಯಾಳದಲ್ಲಿ ಬರೆಯಲಿ. ಬಿಚ್ಚದ ಪ್ಲಾಸ್ಟಿಕ್ ಲಕೋಟೆಯಲ್ಲಿ ಕಪಾಟಿನ ಮೇಲಿರುವ ಇಂಗ್ಲಿಷ್ ಕೈಪಿಡಿಗಿಂತ, ಕೈಗೆ ಎಣ್ಣೆ ಅಂಟಿದವನು ತನ್ನ ಮಾತಿನಲ್ಲಿ ಬರೆದ ಎರಡು ಸಾಲು ಯಂತ್ರಕ್ಕೆ ಹೆಚ್ಚು ಉಪಕಾರಿ.

ನಮ್ಮ ಮಾತು ಕೇಳಿದ ಮೇಲೆ ಯಜಮಾನರು ಹುಡುಗನನ್ನು ಮತ್ತೆ ಕರೆದರು. ಅವರು ಕೆಟ್ಟವರಲ್ಲ, ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಹುಡುಗ ಹೋಗಲಿಲ್ಲ. ಮಂಗಳೂರಿನ ಒಂದು ವರ್ಕ್‌ಶಾಪಿಗೆ ಸೇರಿ ಈಗ ಒಳ್ಳೆಯ ಕೆಲಸಗಾರನಾಗಿದ್ದಾನೆ. ಗುಡಿಸುವ ಅಕ್ಕ ಅಲ್ಲೇ ಇದ್ದಾರೆ. ಈಗ ಅವರು ಗುಡಿಸುವ ಮುನ್ನ ಯಂತ್ರದ ಅಡಿಯಲ್ಲಿ ಒಂದು ರಟ್ಟಿನ ಹಾಳೆ ಹಾಸಿರುತ್ತಾರೆ. ಬೆಳಿಗ್ಗೆ ಅದರ ಮೇಲಿನ ಹನಿಗಳನ್ನು ಎಣಿಸಿ ಹೇಳುತ್ತಾರೆ, ಪುಸ್ತಕದಲ್ಲಿ ಅದಕ್ಕೊಂದು ಕಲಮು ಇದೆ.

ಕಳೆದ ವರ್ಷ ಆ ಹುಡುಗನನ್ನು ನಮ್ಮ ಶಾಲೆಗೆ ಕರೆಸಿದ್ದೆವು. ಒಂಬತ್ತನೆಯ ತರಗತಿಯಲ್ಲಿ ಘರ್ಷಣೆಯ ಪಾಠದ ದಿನ ಅವನು ಮೂರು ಬಾಟಲಿ ತಂದು ಕಿಟಕಿಯಲ್ಲಿ ಸಾಲಾಗಿ ಇಟ್ಟ. ಒಂದರಲ್ಲಿ ಹೊಸದು, ಒಂದರಲ್ಲಿ ಮಬ್ಬಾದದ್ದು, ಒಂದರಲ್ಲಿ ಹುಡಿ ಕೂತದ್ದು. ಮಕ್ಕಳು ನಾವು ಹೇಳುವ ಮೊದಲೇ ಯಾವುದು ಯಾವುದೆಂದು ಹೇಳಿದರು. ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು: "ಅಣ್ಣ, ನೋಡಿ ಹೇಳಿದರೆ ಯಂತ್ರ ನಿಲ್ಲಿಸುತ್ತಾರಾ?"

ಅವನು ನಮ್ಮ ಮುಖ ನೋಡಿದ. ಉತ್ತರ ಅವನಲ್ಲೂ ಇರಲಿಲ್ಲ, ನಮ್ಮಲ್ಲೂ ಇರಲಿಲ್ಲ. ಆ ಉತ್ತರ ಕೊಡಬೇಕಾದವರು ಮಿಲ್ಲುಗಳ ಯಜಮಾನರು. ಎಣ್ಣೆ ನೋಡುವ ಕೆಲಸವನ್ನು ಒಬ್ಬನಿಗೆ ಒಪ್ಪಿಸಿದ ಮೇಲೆ, ಅವನು "ಇಂದು ಬೇಡ" ಎಂದ ದಿನ ಯಂತ್ರವನ್ನು ನಿಲ್ಲಿಸುವ ಅಧಿಕಾರವನ್ನೂ ಅವನಿಗೆ ಕೊಡಬೇಕು. ಹಾಗೆ ಹೇಳಿದವನು ಬೈಗುಳ ತಿನ್ನುವಂತಾದರೆ ಮರುದಿನದಿಂದ ಪುಸ್ತಕದಲ್ಲಿ ಮತ್ತೆ 'ಸರಿ' ಎಂಬ ಒಂದೇ ಪದ ಕಾಣಿಸಿಕೊಳ್ಳುತ್ತದೆ. ಅರ್ಧ ದಿನದ ಕೆಲಸ ಕೆಟ್ಟರೂ ಮೂರು ವಾರದ ಕೂಲಿ ಉಳಿಯುತ್ತದೆಂಬ ಲೆಕ್ಕವನ್ನು ಯಜಮಾನರಿಗೆ ನಾವು ಕಲಿಸಬೇಕಾಗಿಲ್ಲ. ನಾಳೆ ಬೆಳಿಗ್ಗೆ ಮಿಲ್ಲಿನ ಬಾಗಿಲು ತೆರೆದಾಗ, ಮಾರುವ ಎಣ್ಣೆಯನ್ನು ಬೆಳಕಿಗೆ ಹಿಡಿಯುವ ಮೊದಲು ಯಂತ್ರದ ಎಣ್ಣೆಯ ಕಡೆಗೊಮ್ಮೆ ನೋಡಲಿ, ನೋಡಿದವರ ಮಾತನ್ನು ಕೇಳಲಿ ಎಂದಷ್ಟೇ ನಮ್ಮ ವಿನಂತಿ.